ಕೋಪಾಂಕ

ಬಟ್ಟಲಿನಷ್ಟು ದೊಡ್ಡದಾದ ಲೋಹಶ್ರವಣ ಯಂತ್ರವು ಕೆಂಪು ಕಾರಿನ ಸ್ಟಿಯರಿಂಗ್ ದಂಡಕ್ಕೆ ಜಿಗಣೆಯಂತೆ ಕಚ್ಚಿಕೊಂಡು ಗುಂಯ್‌ಗುಡುತ್ತಿತ್ತು. ಮೊದಲು ದಂಡ, ಆಮೇಲೆ ಬ್ರೇಕಿನ ಪೆಡಲ್ಲು, ಅದಾದ ಮೇಲೆ ಮುಂದಿನ ಚಕ್ರಗಳನ್ನು ಹಿಡಿದ ಉಕ್ಕಿನ ತೋಳುಗಳು. ಒಂದೊಂದಕ್ಕೂ ಕಿವಿಗೊಟ್ಟು ಕೇಳಿ ಮುಗಿಸಿದ ಮೇಲೆ ಅದು ಹಸುಗೂಸನ್ನು ಮಲಗಿಸುವವರ ದನಿಯಲ್ಲಿ ತೀರ್ಪು ಕೊಟ್ಟಿತು.

"ಕೋಪಾಂಕ ಎಪ್ಪತ್ತನಾಲ್ಕು. ಇದು ಸಿಟ್ಟಿನ ವಾಹನ. ದಯವಿಟ್ಟು ಯೋಚಿಸಿ ಕೊಳ್ಳಿ."

ಆ ದನಿ ಕಿವಿಗೆ ಬಿದ್ದದ್ದೇ ಮುಕ್ತಾ ಹಾವನೂರಳ ಮೈ ಉರಿಯಿತು. ಹುಬ್ಬಳ್ಳಿಯ ಹೊರವರ್ತುಲ ರಸ್ತೆಯಲ್ಲಿದ್ದ ಆ ಹಳೆಯ ಕಾರುಗಳ ಅಂಗಳದಲ್ಲಿ ಅವಳು ಹಲ್ಲು ಕಡಿಯುತ್ತ ನಿಂತಿದ್ದಳು. ಎರಡು ವರ್ಷದ ಹಿಂದೆ ಇದೇ ದನಿ, ಇದೇ ಜೇನಿನಂಥ ದನಿ, ಅವಳ ಬಸ್ಸಿಗೆ ಎಂಬತ್ತೊಂದು ಎಂದಿತ್ತು. ಅವತ್ತಿನಿಂದ ಅವಳಿಗೆ ಬಸ್ಸಿಲ್ಲ.

ಯಂತ್ರದ ಹಿಂದಿನ ತತ್ತ್ವ ಸರಳವಾದದ್ದು. ಲೋಹದ ಮೇಲೆ ಬಲ ಬಿದ್ದಾಗ ಅದು ತುಸು ಮಣಿದು ಮತ್ತೆ ಮೊದಲಿನಂತಾಗುತ್ತದೆ ಎಂದು ನಾವು ತಿಳಿದಿರುತ್ತೇವೆ. ಪೂರ್ತಿ ಹಾಗಾಗುವುದಿಲ್ಲ. ಜೋರಾದ ಹೊಡೆತಗಳೂ ಎಳೆತಗಳೂ ಒಳಗಿನ ಕಣಗಳ ಜೋಡಣೆಯಲ್ಲಿ ಒಂದಿಷ್ಟು ಬಿಗಿತವನ್ನು ಉಳಿಸಿ ಹೋಗುತ್ತವೆ. ವಿಜ್ಞಾನಿಗಳು ಇದನ್ನು ಉಳಿಬಿಗುವು ಎಂದು ಕರೆದರು. ಉಳಿಬಿಗುವು ಇರುವ ಲೋಹದಲ್ಲಿ ಧ್ವನಿಯ ವೇಗ ಸ್ವಲ್ಪ ಬದಲಾಗುತ್ತದೆ. ನಮ್ಮ ಕಿವಿಗೆ ನಿಲುಕದ ಶ್ರವಣಾತೀತ ಧ್ವನಿಯನ್ನು ಒಳಗೆ ಕಳಿಸಿ, ಅದು ಮರಳಿ ಬರಲು ಎಷ್ಟು ಹೊತ್ತು ಹಿಡಿಯಿತೆಂದು ಅಳೆದರೆ, ಆ ಲೋಹ ಇಷ್ಟು ದಿನ ಪಟ್ಟ ಪಾಡು ತಿಳಿಯುತ್ತದೆ.

ಇಲ್ಲಿಯವರೆಗೆ ಯಾರ ತಕರಾರೂ ಇರಲಿಲ್ಲ. ತಕರಾರು ಹುಟ್ಟಿದ್ದು ಹೆಸರಿನಿಂದ. ಉಳಿಬಿಗುವು ಎಂದರೆ ಮಂತ್ರಿಗಳ ನಾಲಿಗೆ ಹೊರಳುವುದಿಲ್ಲ, ಜನಕ್ಕೆ ಥಟ್ಟನೆ ತಿಳಿಯುವ ಮಾತು ಕೊಡಿ ಎಂದು ಪರಿಭಾಷಾ ಸಮಿತಿಯವರು ಕೇಳಿದರು. ಯಂತ್ರ ಕಂಡುಹಿಡಿದ ಮಹಾನುಭಾವರು ಅಲ್ಲೇ ಚಹಾ ಕುಡಿಯುತ್ತ "ಕೋಪಾಂಕ ಅನ್ನೋಣ" ಎಂದರು. ಸಭೆ ಚಪ್ಪಾಳೆ ತಟ್ಟಿತು. ಬಿಗುವು ಕಡಿಮೆಯಿದ್ದರೆ ಶಾಂತ ವಾಹನ, ಹೆಚ್ಚಿದ್ದರೆ ಸಿಟ್ಟಿನ ವಾಹನ. ಎಷ್ಟು ಚಂದದ ಮಾತು! ಬಾಯಿಂದ ಬಾಯಿಗೆ ಹಬ್ಬಲು ತಡವಾಗಲಿಲ್ಲ. ವಿಮೆಯವರು ಅದನ್ನು ಹಿಡಿದುಕೊಂಡರು, ಶಾಲೆಯವರು ಹಿಡಿದುಕೊಂಡರು, ಹೆಣ್ಣು ಕೊಡುವವರು ಕೂಡ ಹುಡುಗನ ಗಾಡಿಯ ಕೋಪಾಂಕ ಎಷ್ಟೆಂದು ಕೇಳತೊಡಗಿದರು. ಕಬ್ಬಿಣದ ಗುಣ ಹೇಳಬೇಕಿದ್ದ ಅಂಕಿ ಮನುಷ್ಯರ ಗುಣ ಹೇಳತೊಡಗಿತು.

ಆ ಅಂಕಿಗೆ ಮುಕ್ತಾಳೂ ಬಲಿಯಾದಳು. ಊರೊಳಗಿನ ವಾಹನಗಳೆಲ್ಲ ತಾವೇ ಓಡುವ ಸ್ವಯಂಚಾಲಿಗಳಾಗಿದ್ದ ಆ ಕಾಲದಲ್ಲಿ ಮನುಷ್ಯರು ಸ್ಟಿಯರಿಂಗ್ ಹಿಡಿಯುತ್ತಿದ್ದದ್ದು ಎರಡೇ ಕಡೆ. ಒಂದು, ನವಲಗುಂದದ ಕಡೆಯ ಎರೆ ಸೀಮೆ. ಅಲ್ಲಿನ ಕಪ್ಪು ನೆಲ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲಿನ ರಸ್ತೆಯನ್ನು ವರ್ಷಕ್ಕೊಮ್ಮೆ ಜಗಿದು ಉಗುಳುತ್ತದೆ. ಸ್ವಯಂಚಾಲಿಗಳು ಆ ಗುಂಡಿಗಳನ್ನು ನೋಡಿ ಕಂಗಾಲಾಗುತ್ತಿದ್ದವು. ಹಾಗಾಗಿ ಸಂಚಾರ ಮಂಡಳಿ ಆ ದಾರಿಗೆ ಕೈಚಾಲನೆಯ ಬಸ್ಸನ್ನೂ ಮುಕ್ತಾಳನ್ನೂ ಇಟ್ಟುಕೊಂಡಿತ್ತು. ಮೊಸರಿನ ಗಡಿಗೆ ತುಳುಕದಂತೆ ಬಸ್ಸು ಓಡಿಸುವ ಹೆಂಗಸು ಎಂದು ಆ ಸೀಮೆಯಲ್ಲಿ ಹೆಸರಾಗಿದ್ದಳು. ಒಂದು ದಿನ ಮಂಡಳಿಯವರು ಬಂದು ಬಸ್ಸಿಗೆ ಯಂತ್ರ ಅಂಟಿಸಿದರು. ಎಂಬತ್ತೊಂದು ಬಂತು. "ಚಾಲಕಿಯು ಕೋಪಿಷ್ಠಳಾಗಿದ್ದು ಸೇವೆಗೆ ಅನರ್ಹಳು" ಎಂದು ಬರೆದು ಕೈಗೆ ಕೊಟ್ಟು ಮನೆಗೆ ಕಳಿಸಿದರು. ಅವಳು ಬಸ್ಸಿನ ಕೀಲಿ ಒಪ್ಪಿಸಿ ನಡೆದಳು. ಸಿಟ್ಟು ಬಂದದ್ದು ಆಮೇಲೆ. ಬಂದದ್ದು ಮತ್ತೆ ಹೋಗಲಿಲ್ಲ.

ಮನುಷ್ಯರು ಸ್ಟಿಯರಿಂಗ್ ಹಿಡಿಯಬಹುದಾಗಿದ್ದ ಎರಡನೆಯ ಜಾಗ ಓಟದ ಬಯಲು. ಮುಚ್ಚಿಹೋದ ವಿಮಾನ ಪಟ್ಟಿಯೊಂದನ್ನು ಅಂಕುಡೊಂಕಾಗಿ ತಿದ್ದಿ, ಹಳೆಯ ಪೆಟ್ರೋಲ್ ಕಾರುಗಳನ್ನು ಓಡಿಸಲು ಬಿಟ್ಟಿದ್ದರು. ಕೈ ಸುಮ್ಮನಿದ್ದು ಸುಮ್ಮನಿದ್ದು ಮುಕ್ತಾಳಿಗೆ ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು. ಅಲ್ಲಿಯಾದರೂ ಓಡಿಸುತ್ತೇನೆಂದು ಹೊರಟಳು. ಆದರೆ ಕಾನೂನು ಬಿಗಿಯಾಗಿತ್ತು. ಒಬ್ಬರಿಗೆ ಒಂದೇ ಕೈಚಾಲನೆಯ ಕಾರು, ಅದೂ ಜೀವಮಾನಕ್ಕೆ ಒಂದೇ ಸಲ. ಒಮ್ಮೆ ಹೆಸರಿಗೆ ಬರೆಸಿಕೊಂಡರೆ ಬದಲಾಯಿಸುವಂತಿಲ್ಲ. ಆ ಅಂಗಳದಲ್ಲಿ ಓಟಕ್ಕೆ ಒಗ್ಗುವ ಕಾರುಗಳು ಎರಡೇ ಇದ್ದವು. ಇವತ್ತು ಕೈ ಇಟ್ಟದ್ದೇ ಅವಳ ಕೊನೆಯ ಕಾರು.

ಕೆಂಪನೆಯದರ ಹೆಸರು ಸಾಳುವ. ಪುಟ್ಟದು, ಹಗುರ, ಮುಂದಿನ ಚಕ್ರಗಳೇ ಎಳೆದುಕೊಂಡು ಹೋಗುವಂಥದ್ದು. ಬ್ರೇಕು, ಟೈರು ಬೇಗ ಸವೆಯುವುದಿಲ್ಲ. ಆದರೆ ಎಳೆಯುವುದೂ ತಿರುಗುವುದೂ ಎರಡೂ ಮುಂದಿನ ಚಕ್ರಗಳ ಪಾಲಿಗೇ ಬಂದು, ವೇಗದ ತಿರುವಿನಲ್ಲಿ ಮೂತಿ ಹೊರಗೆ ಜಾರುತ್ತದೆ. ಬಿಳಿಯದರ ಹೆಸರು ಶರಭ. ಉದ್ದನೆಯ ಮೂತಿ, ಎರಡೇ ಬಾಗಿಲು, ಹಿಂದಿನ ಚಕ್ರಗಳು ನೂಕುವಂಥದ್ದು. ತೂಕ ಜಾಸ್ತಿ, ಬ್ರೇಕು ಕಾಯುತ್ತದೆ, ಆದರೆ ಮುಂದಿನ ಚಕ್ರಗಳು ತಿರುಗುವ ಕೆಲಸವೊಂದನ್ನೇ ಮಾಡುವುದರಿಂದ ಹೇಳಿದಂತೆ ಕೇಳುತ್ತದೆ. ಎಂಜಿನ್ನಿನ ಸುತ್ತ ಬೇಕಾದಷ್ಟು ಜಾಗ, ಏನು ಬೇಕಾದರೂ ಬದಲಾಯಿಸಬಹುದು. ಅವಳ ಬಸ್ಸೂ ಹಿಂದಿನ ಚಕ್ರದಿಂದ ನೂಕುವಂಥದ್ದೇ. ಅವಳ ಕೈಗಳಿಗೆ ಶರಭವೇ ಬೇಕಾಗಿತ್ತು. ಮನೆಯಿಂದ ಹೊರಡುವಾಗಲೇ ಅದನ್ನೇ ತರುವುದೆಂದು ನಿಶ್ಚಯಿಸಿದ್ದಳು.

ಅಂಗಳದ ಯಜಮಾನ, ಅಂಗಡಿ ಮನೆತನದ ಸಿದ್ಲಿಂಗಪ್ಪ, ಯಂತ್ರವನ್ನು ಶರಭದ ದಂಡಕ್ಕೆ ಅಂಟಿಸಿದ. "ಕೋಪಾಂಕ ಮೂರು. ಇದು ಶಾಂತ ವಾಹನ. ಅಭಿನಂದನೆಗಳು" ಎಂದಿತು ದನಿ.

"ನೋಡ್ರಿ ಅಕ್ಕಾರ, ಮೂರು! ಬರೇ ಮೂರು!" ಸಿದ್ಲಿಂಗಪ್ಪನ ಮುಖ ಅರಳಿತು. "ನಾ ಏನೂ ಮುಚ್ಚಿಡೂ ಮನಶ್ಯಾ ಅಲ್ಲ. ಒಂದ್ಸಲ ಮುಂದ ಪೆಟ್ಟ ತಿಂದ ಗಾಡಿ ಇದು. ಆದ್ರ ಶಾಂತಿ ಮಾಡಿಸೇವಿ. ಈಗ ಏನೂ ದೋಷ ಇಲ್ಲ."

ಬಿಳಿ ಕಾರಿನ ಮೂತಿಯ ಮೇಲೆ ಕುಂಕುಮದ ಗೆರೆಗಳಿದ್ದವು, ಕೆಳಗೆ ನಿಂಬೆಹಣ್ಣು, ಮೆಣಸಿನಕಾಯಿ ತೂಗುತ್ತಿದ್ದವು. ಯಾರೋ ಪಕ್ಕದಲ್ಲಿ ಕಿಸಕ್ಕನೆ ನಕ್ಕರು. ಅರವತ್ತರ ಆಸುಪಾಸಿನ, ಬಿಳಿ ಗಡ್ಡದ, ಹೊಸ ಓಟದ ಬೂಟು ಹಾಕಿಕೊಂಡ ಒಬ್ಬರು ಆಗಲೇ ಶರಭವನ್ನು ಸುತ್ತು ಹಾಕುತ್ತಿದ್ದರು.

"ಶಾಂತಿ ಮಾಡಿಸ್ಯಾರಂತ! ಇನ್ನೂ ಯಾವ ಕಾಲದಾಗ ಇದ್ದೀರಪ್ಪಾ ನೀವು?" ಎಂದು ಅವರು ಸಿದ್ಲಿಂಗಪ್ಪನನ್ನು ಕೆಣಕಿ ಮುಕ್ತಾಳತ್ತ ತಿರುಗಿದರು. "ನಿಂಬಿಹಣ್ಣಿನ ಮಾತ ಬಿಡ್ರಿ ಬಾಯಾರ. ಆ ಅಂಕಿ ನಂಬ್ರಿ. ಅದು ವಿಜ್ಞಾನ. ಮೂರು ಅಂದ್ರ ಈ ಗಾಡಿ ಹೊಡದವ ಸಂತ ಇರಬೇಕು. ನೀವು ಮೊದಲ ಬಂದೀರಿ, ನೀವ ತಗೋರಿ. ನೀವು ಒಲ್ಲೆ ಅಂದ್ರ ನಾ ತಗೋತೀನಿ."

"ನಿಮಗ ಆ ಯಂತ್ರ ಭಾಳ ಗೊತ್ತಿದ್ದಂಗ ಐತಿ," ಎಂದಳು ಮುಕ್ತಾ.

"ಗೊತ್ತಿರಲಾರದ ಏನು? ಮಾಡಿದವನ ನಾನು. ವಾದಿರಾಜ ಗಲಗಲಿ ಅಂತ." ಅವರು ತುಸು ಬಾಗಿ ನಮಸ್ಕಾರ ಮಾಡಿದರು. "ಆ ಕೋಪಾಂಕ ಅನ್ನೋ ಶಬ್ದಾನೂ ನಂದ."

ಮುಕ್ತಾ ಆ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎರಡು ವರ್ಷದಿಂದ ಗೋಡೆಗೆ, ಪಾತ್ರೆಗೆ, ಸಿಕ್ಕಸಿಕ್ಕವರಿಗೆ ಬೈದ ಬೈಗುಳಗಳಿಗೆಲ್ಲ ಇವತ್ತು ಒಂದು ಮುಖ ಸಿಕ್ಕಿತ್ತು. ಅದೂ ನಗುತ್ತಿರುವ ಮುಖ.

"ಒಂದ ಮಾತ ಕೇಳ್ತೀನ್ರಿ ಸರ್," ಎಂದಳು, ಆದಷ್ಟು ಮೆಲ್ಲಗೆ. "ನಿಮ್ಮ ಯಂತ್ರ ಹೇಳೂ ಸಿಟ್ಟು ಯಾರ್ದು? ಗಾಡೀದೋ, ಹೊಡದವರದೋ, ರಸ್ತಾದೋ?"

"ಹಂಗ ಬ್ಯಾರೆ ಬ್ಯಾರೆ ಮಾಡಾಕ ಬರೂದಿಲ್ಲ. ಬಿಗುವು ಅದ ಅಂದ್ರ ಯಾರೋ ಒರಟಾಗಿ ಹೊಡದಾರ ಅಂತ ತಿಳೀಬಹುದು, ಸಾಮಾನ್ಯವಾಗಿ."

"ತಿಳೀಬಹುದು ಅಂದ್ರ? ಗೊತ್ತೈತೋ, ಇಲ್ಲೋ?"

"ಅದಾ ಹೇಳಿದೆನಲ್ಲ, ಸಾಮಾನ್ಯವಾಗಿ..."

"ಏನ್ರಿ ಅದು ಸಾಮಾನ್ಯವಾಗಿ!" ಮುಕ್ತಾಳ ದನಿಗೆ ಅಂಗಳದ ಮೂಲೆಯಲ್ಲಿದ್ದವರೂ ತಿರುಗಿ ನೋಡಿದರು. "ಎರಿ ಸೀಮಿ ಬಸ್ಸು ಹೊಡದಾಕಿ ನಾನು. ಅಷ್ಟ ವರ್ಷದಾಗ ಒಂದ ಕೋಳಿಮರಿ ಮ್ಯಾಲ ಗಾಲಿ ಹತ್ತಿಸಿಲ್ಲ. ಬಸರಿ ಹೆಂಗಸರು ನನ್ನ ಬಸ್ಸು ಬರಲಿ ಅಂತ ಕಾಯ್ತಿದ್ರು. ರಸ್ತಾ ಒದ್ದಿದ್ದನ್ನೆಲ್ಲ ನಿಮ್ಮ ಯಂತ್ರ ತಂದು ನನ್ನ ಹಣಿಗೆ ಹಚ್ಚಿತು! ನಿಮ್ಮ ಒಂದು ಸಾಮಾನ್ಯವಾಗಿಗೆ ನನ್ನ ಬಸ್ಸು ಹೋತು, ನನ್ನ ಹೆಸರು ಹೋತು. ನೀವು ಹೊಸಾ ಬೂಟ್ ಹಾಕ್ಕೊಂಡು ಇಲ್ಲಿ ಆಟಾ ಆಡಾಕ ಬಂದೀರಿ!"

ಗಲಗಲಿಯವರ ನಗು ಮಾಯವಾಯಿತು. "ಎಲ್ಲೋ ಒಂದು ಪ್ರಕರಣದಾಗ ಹಂಗ ಆಗಿರಬಹುದು. ಒಟ್ಟಾರೆ ನೋಡಿದ್ರ..." ಎಂದು ಏನೋ ಹೇಳಲು ಹೋದರು. ಒಟ್ಟಾರೆ ನೋಡುವವರಿಗೆ ಎದುರಿಗೆ ನಿಂತ ಮನುಷ್ಯರು ಕಾಣುವುದು ಕಷ್ಟ. ಅವರಿಗೂ ಕಾಣಲಿಲ್ಲ.

ಮುಕ್ತಾ ಸಿದ್ಲಿಂಗಪ್ಪನತ್ತ ತಿರುಗಿದಳು. ಬಿಳಿ ಕಾರನ್ನು ನೋಡಿದಳು. ಅದರ ಮೇಲೆ ಅವಳಿಗೆ ಇನ್ನೂ ಆಸೆಯಿತ್ತು. ಆದರೆ ಆ ಹಾಳು ದನಿ ಅದನ್ನು ಹೊಗಳಿತ್ತು, ಈ ಮನುಷ್ಯ ಅದನ್ನು ಹೊಗಳಿದ್ದ. ಕೆಂಪು ಕಾರು ಬೈಸಿಕೊಂಡು ಸುಮ್ಮನೆ ನಿಂತಿತ್ತು.

"ಅಂಗಡ್ಯಾರ, ನನ್ನ ಹೆಸರಿಗೆ ಸಿಟ್ಟಿನ ಗಾಡಿ ಬರೀರಿ."

"ಅಕ್ಕಾರ, ಇನ್ನೊಮ್ಮಿ ವಿಚಾರ ಮಾಡ್ರಿ. ಆಮ್ಯಾಲ ಬದಲ ಮಾಡಾಕ ಬರಂಗಿಲ್ಲ."

"ಬರೀರಿ ಅಂದೆ."

ಮನೆಗೆ ಹೋಗುವ ದಾರಿಯಲ್ಲೇ ಅವಳಿಗೆ ತಪ್ಪು ಮಾಡಿದೆನೆಂದು ಗೊತ್ತಾಯಿತು. ಸಿಟ್ಟಿನ ಕೈಗೆ ಬುದ್ಧಿ ಕೊಟ್ಟಿದ್ದಳು. ಜೀವಮಾನಕ್ಕೆ ಒಂದೇ ಸಲ ಸಿಗುವ ಆಯ್ಕೆಯನ್ನು ಒಬ್ಬ ಮುದುಕನ ಮೇಲಿನ ಹಟಕ್ಕೆ ಹಾಳು ಮಾಡಿಕೊಂಡಿದ್ದಳು. ಅದಕ್ಕೂ ಅವನನ್ನೇ ಬೈದಳು.

ಮುಂದಿನ ತಿಂಗಳುಗಳನ್ನು ಅವಳು ಸಾಳುವದ ಹೊಟ್ಟೆಯೊಳಗೇ ಕಳೆದಳು. ಹಿಂದಿನ ಸೀಟು ಕಿತ್ತಳು, ನೆಲದ ಹಾಸು ಕಿತ್ತಳು, ಹಾಡಿನ ಪೆಟ್ಟಿಗೆ ಕಿತ್ತಳು, ಓಟಕ್ಕೆ ಬೇಡವಾದ ತೂಕವನ್ನೆಲ್ಲ ಹೊರಗೆ ಎಸೆದಳು. ಕಾರು ಪಲ್ಟಿಯಾದರೆ ತಲೆ ಉಳಿಯಲೆಂದು ಒಳಗೆ ಉಕ್ಕಿನ ಪಂಜರ ಕೂರಿಸಿದಳು. ಹಿಂದಿನ ಚಕ್ರಗಳ ನಡುವಿನ ಸರಳನ್ನು ತೆಗೆದು ದಪ್ಪನೆಯದು ಹಾಕಿದಳು. ಹಾಗೆ ಮಾಡಿದರೆ ಹಿಂಭಾಗ ತಿರುವಿನಲ್ಲಿ ತುಸು ಜಾರಿ, ಹೊರಗೆ ಓಡುವ ಮೂತಿ ಒಳಗೆ ಬರುತ್ತದೆ. ಹಳೆಯ ಸ್ಟಿಯರಿಂಗ್ ದಂಡವನ್ನೂ ಬದಲಿಸಿ ಗಟ್ಟಿ ಉಕ್ಕಿನ ಹೊಸದನ್ನು ಹಾಕಿದಳು. ಬೇರೆಯವರ ಸಿಟ್ಟು ತನಗೇಕೆ, ತನ್ನದೇ ಬೇಕಾದಷ್ಟಿದೆ ಎಂದುಕೊಂಡಳು.

ಓಟದ ಬಯಲಿನಲ್ಲಿ ಪ್ರತಿ ಕಾರಿನ ಬಾಗಿಲಿಗೂ ಅದರ ಕೋಪಾಂಕ ಅಂಟಿಸಬೇಕೆಂಬ ನಿಯಮವಿತ್ತು. ಸಾಳುವದ ಬಾಗಿಲ ಮೇಲೆ ಕೊಂಡ ದಿನದ ಎಪ್ಪತ್ತನಾಲ್ಕೇ, ಕೆಂಪು ಅಕ್ಷರದಲ್ಲಿ. "ಸಿಟ್ಟಿನಕ್ಕ ಬಂದ್ಲು, ಸರೀರಿ" ಎಂದು ಹುಡುಗರು ನಗುತ್ತಿದ್ದರು. ಅವಳು ಬಸ್ಸಿನಲ್ಲಿ ಎಂದೂ ಮಾಡದ್ದನ್ನೆಲ್ಲ ಇಲ್ಲಿ ಮಾಡಿದಳು. ಸ್ಟಿಯರಿಂಗನ್ನು ಕಿವಿ ಹಿಂಡಿದಂತೆ ಹಿಂಡಿದಳು, ಬ್ರೇಕಿನ ಮೇಲೆ ನಿಂತಳು, ತಿರುವಿನಿಂದ ತಿರುವಿಗೆ ಗಾಡಿಯನ್ನು ಎಳೆದಾಡಿದಳು. ಬಿಳಿ ಶರಭ ನೇರ ಪಟ್ಟಿಯಲ್ಲಿ ಸೊಯ್ಯನೆ ಅವಳನ್ನು ಹಿಂದೆ ಹಾಕಿ ಹೋಗುತ್ತಿತ್ತು, ಒಳಗಿಂದ ಗಲಗಲಿಯವರು ಮರ್ಯಾದೆಯಿಂದ ಕೈ ಎತ್ತುತ್ತಿದ್ದರು. ಆ ಮರ್ಯಾದೆ ಕಂಡರೆ ಅವಳ ಸಿಟ್ಟು ನೆತ್ತಿಗೇರುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಶರಭ ಎಂದಿನಂತೆ ಅವಳನ್ನು ದಾಟಿ ಮುಂದಿನ ಬಲ ತಿರುವಿಗೆ ಹೋಯಿತು. ಗಲಗಲಿಯವರು ಬ್ರೇಕು ಒತ್ತಿ ಸ್ಟಿಯರಿಂಗ್ ತಿರುಗಿಸಿದರು. ಕಾರಿನ ಭಾರವೆಲ್ಲ ಮುಂದಿನ ಎಡ ಚಕ್ರದ ಮೇಲೆ ಬಿತ್ತು. ಆ ಚಕ್ರ ಸುಮ್ಮನೆ ಒಳಕ್ಕೆ ಮಡಚಿಕೊಂಡಿತು. ಶಬ್ದವೂ ಆಗಲಿಲ್ಲ. ಬಿಳಿ ಕಾರು ಪಟ್ಟಿ ಬಿಟ್ಟು ಹಾರಿ, ಎರೆ ಮಣ್ಣಿನಲ್ಲಿ ಮಗುಚಿ ಬಿತ್ತು.

ಮುಕ್ತಾ ಸಾಳುವವನ್ನು ಅಡ್ಡ ನಿಲ್ಲಿಸಿ ಓಡಿದಳು. ಗಲಗಲಿಯವರು ಸೀಟಿನ ಪಟ್ಟಿಗಳಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದರು. ಭುಜದ ಮೂಳೆ ಮುರಿದಿತ್ತು. ಅವಳು ಪಟ್ಟಿ ಕೊಯ್ದು ಅವರನ್ನು ಹೊರಗೆಳೆದಳು. ಎಳೆಯುವಾಗಲೂ ಬಾಯಿ ಸುಮ್ಮನಿರಲಿಲ್ಲ.

"ಸಾಯಾಕ ಬಂದೀರೇನು ಇಲ್ಲಿ? ಈ ವಯಸ್ಸಿನ್ಯಾಗ ಇದೆಲ್ಲ ಬೇಕಿತ್ತ? ಉಸರ ತಗೋರಿ. ತಗೋರಿ ಅಂದೆ!"

ಅವರಿಗೆ ಅವಳ ಮಾತು ಕೇಳಿಸುತ್ತಿರಲಿಲ್ಲ. ಕಣ್ಣು ಮಗುಚಿದ ಕಾರಿನ ಅಡಿಯಲ್ಲಿ, ಚಕ್ರ ಹಿಡಿದಿದ್ದ ಉಕ್ಕಿನ ತೋಳಿನಲ್ಲಿ ನೆಟ್ಟಿತ್ತು.

"ಮುರದಿಲ್ಲ," ಎಂದರು. "ನೋಡ್ರಿ ತಂಗಿ, ಮುರದಿಲ್ಲ. ಬಾಗೇದ."

"ಬಾಗಿದ್ರ ಏನಾತು?"

"ಇದು ಗಟ್ಟಿ ಉಕ್ಕು. ತಡೀಬೇಕು, ತಡಕೊಳ್ಳಾಕ ಆಗದಿದ್ರ ಮುರೀಬೇಕು. ಹೋಳಿಗಿ ಹಂಗ ಮಡಚಬಾರದು. ಇದನ್ನ ಯಾರೋ ಮೆತ್ತಗ ಮಾಡ್ಯಾರ."

ಮೂಳೆ ಕೂಡುವ ಮೊದಲೇ, ಕೈಯನ್ನು ಕೊರಳಿಗೆ ಕಟ್ಟಿಕೊಂಡೇ, ಗಲಗಲಿಯವರು ಸಿದ್ಲಿಂಗಪ್ಪನ ಅಂಗಳಕ್ಕೆ ಹೋದರು. ಮುಕ್ತಾಳೂ ಹೋದಳು. ಆ ಮನುಷ್ಯನ ಮೇಲಿನ ಪ್ರೀತಿಯಿಂದಲ್ಲ. ತಾನು ಆಸೆಪಟ್ಟಿದ್ದ ಕಾರು ತನ್ನನ್ನೇ ಕೊಲ್ಲುವುದಿತ್ತು, ಯಾಕೆಂದು ತಿಳಿಯಬೇಕಿತ್ತು.

"ನನಗ ಮೋಸ ಮಾಡಿದ್ಯಲ್ಲೋ!" ಎಂದು ಗಲಗಲಿಯವರು ಬಾಗಿಲಲ್ಲೇ ಕೂಗಿದರು.

ಸಿದ್ಲಿಂಗಪ್ಪನಿಗೆ ನಿಜಕ್ಕೂ ನೋವಾಯಿತು. "ಏನ್ ಮೋಸ್ರೀ ಸಾಹೇಬ್ರ? ಪೆಟ್ಟ ತಿಂದ ಗಾಡಿ ಅಂತ ಹೇಳಿದ್ದೆ. ಶಾಂತಿ ಮಾಡಿಸೇವಿ ಅಂತಾನೂ ಹೇಳಿದ್ದೆ. ನೀವ ನಕ್ರಿ."

"ಪೂಜಾ ಮಾಡಿಸಿದ್ರ ಉಕ್ಕು ಹೆಂಗೋ ಮೆತ್ತಗಾಗ್ತದ?"

"ಪೂಜಾ ಬ್ಯಾರೆ ಮಾಡೇವ್ರಿ, ಅದು ಗಿರಾಕಿ ಸಮಾಧಾನಕ್ಕ. ಶಾಂತಿ ಅಂದ್ರ ಕುಲುಮಿ ಶಾಂತಿ. ದಂಡ, ತೋಳು ಎಲ್ಲಾ ಬಿಚ್ಚಿ ಕುಲುಮ್ಯಾಗ ಕೆಂಪಗ ಕಾಸಿ, ಬೂದ್ಯಾಗ ಮುಚ್ಚಿ ಒಂದ ದಿನಾ ಆರಾಕ ಬಿಡ್ತೀವಿ. ಕೋಪಾಂಕ ಝರ್ರಂತ ಇಳೀತೈತಿ. ಗಾಡಿ ಶಾಂತ ಆಕ್ಕೈತಿ. ಇಡೀ ಪ್ಯಾಟ್ಯಾಗ ಇದಕ್ಕ ಶಾಂತಿ ಅಂತಾನ ಅಂತಾರ್ರೀ."

ಗಲಗಲಿಯವರು ಅಲ್ಲೇ ಇದ್ದ ಹಳೆಯ ಟೈರಿನ ಮೇಲೆ ಕುಳಿತರು. ಕಾಯಿಸಿ ನಿಧಾನಕ್ಕೆ ಆರಿಸಿದರೆ ಲೋಹದ ಉಳಿಬಿಗುವು ಕರಗುತ್ತದೆ ಎನ್ನುವುದು ಲೋಹಶಾಸ್ತ್ರದ ಮೊದಲ ವರ್ಷದ ಪಾಠ. ಹಾಗೆ ಮಾಡಿದರೆ ಗಟ್ಟಿ ಉಕ್ಕಿನ ಹದವೂ ಕೆಟ್ಟು ಮೆತ್ತಗಾಗುತ್ತದೆ ಎನ್ನುವುದು ಅದೇ ಪಾಠದ ಮುಂದಿನ ಸಾಲು. ಅವರು ಅದನ್ನು ನೂರಾರು ಮಕ್ಕಳಿಗೆ ಕಲಿಸಿದ್ದರು. ಆದರೆ ಶಾಂತಿ ಎಂಬ ಮಾತು ಕಿವಿಗೆ ಬಿದ್ದಾಗ ಅವರಿಗೆ ಹೋಮ, ನಿಂಬೆಹಣ್ಣು, ಅಜ್ಞಾನ ನೆನಪಾದವು. ಕುಲುಮೆ ನೆನಪಾಗಲಿಲ್ಲ. ಶಾಂತ ವಾಹನ ಎಂಬ ಮಾತನ್ನು ಲೋಕಕ್ಕೆ ಕೊಟ್ಟವರು ಅವರೇ. ಲೋಕ ಅದನ್ನು ನಂಬಿ ವಾಹನಗಳಿಗೆ ಶಾಂತಿ ಮಾಡಿಸಿತ್ತು.

"ಯಾವ್ಯಾವ ಗಾಡಿಗೆ ಮಾಡಸ್ತಾರ ಇದನ್ನ?" ಮುಕ್ತಾ ಕೇಳಿದಳು.

"ಎಲ್ಲಾದಕ್ಕೂ ಮಾಡಸ್ತಾರ್ರೀ ಅಕ್ಕಾರ. ತಾನ ಓಡೂ ಗಾಡಿ ಆದ್ರೂ ಸಾಲಿ ಗಾಡಿಗೆ ಮೊದಲ ಮಾಡಸ್ತಾರ. ಮಕ್ಕಳು ಕುಂದ್ರೂ ಗಾಡಿ, ಕೋಪಾಂಕ ಹತ್ತರ ಒಳಗ ಇರಬೇಕಂತ ತಾಯಿ ತಂದಿ ಹಟಾ ಹಿಡೀತಾರಲ್ರೀ."

ಮುಕ್ತಾ ಗಲಗಲಿಯವರನ್ನು ನೋಡಿದಳು. ಬಾಯಿ ತುಂಬ ಬೈಗುಳಗಳಿದ್ದವು. ಆ ಮುಖದ ಬಣ್ಣ ನೋಡಿ ಒಂದೂ ಹೊರಬರಲಿಲ್ಲ. ಅದೂ ಒಂದು ಸಿಟ್ಟೇ ಆಯಿತು ಅವಳಿಗೆ.

ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಗಲಗಲಿ ತಪ್ಪು ಮುಚ್ಚಿಡುವ ಮನುಷ್ಯನಾಗಿರಲಿಲ್ಲ. ಮರುದಿನವೇ ಪತ್ರಿಕೆಯವರನ್ನು ಕರೆದು ಎಲ್ಲ ಹೇಳಿದರು. ಶಾಂತಿ ಮಾಡಿಸಿದ ಶಾಲಾ ವಾಹನಗಳನ್ನು ರಸ್ತೆಯಿಂದ ಎಳೆದು ಹಾಕಿಸಿದರು. ಯಾವ ಮಗುವಿಗೂ ಏನೂ ಆಗಿರಲಿಲ್ಲ, ಅದು ಯಾರದೋ ಪುಣ್ಯ. ಪರಿಭಾಷಾ ಸಮಿತಿಗೆ ಹೋಗಿ ಕೋಪಾಂಕ ಎಂಬ ಶಬ್ದ ತೆಗೆದುಹಾಕಿ, ಬಿಗುವಂಕ ಎಂದು ಮಾಡಿ ಎಂದು ಬೇಡಿಕೊಂಡರು. ಸಮಿತಿ ಒಪ್ಪಿತು, ಜನ ಒಪ್ಪಲಿಲ್ಲ. ಯಂತ್ರ ತಿದ್ದುವುದು ಸುಲಭ, ಒಮ್ಮೆ ಜನರ ಬಾಯಿಗೆ ಬಿದ್ದ ಮಾತನ್ನು ವಾಪಸು ಪಡೆಯುವುದು ಯಾವ ವಿಜ್ಞಾನಕ್ಕೂ ಸಾಧ್ಯವಾಗಿಲ್ಲ.

ಆಮೇಲೆ ಅವರು ಯಂತ್ರವನ್ನು ತಿದ್ದಲು ಕುಳಿತರು. ಮುಕ್ತಾ ಅಂಗಳದಲ್ಲಿ ಕೇಳಿದ ಪ್ರಶ್ನೆ ಅವರನ್ನು ಬಿಟ್ಟಿರಲಿಲ್ಲ. ಸ್ಟಿಯರಿಂಗ್ ದಂಡಕ್ಕೆ ಬಲ ಎರಡು ಕಡೆಯಿಂದ ಬರುತ್ತದೆ. ಗುಂಡಿಯ ಹೊಡೆತ ಚಕ್ರದಿಂದ ಮೇಲಕ್ಕೆ ಬರುತ್ತದೆ, ಥಟ್ಟನೆ ಬಂದು ಹೋಗುತ್ತದೆ. ಕೈಯ ಎಳೆತ ಮೇಲಿಂದ ಕೆಳಕ್ಕೆ ಹೋಗುತ್ತದೆ, ತುಸು ಹೊತ್ತು ನಿಲ್ಲುತ್ತದೆ. ಎರಡರ ಬಿಗುವೂ ಒಂದೇ ಬಗೆಯಲ್ಲ. ಅದನ್ನು ಬೇರ್ಪಡಿಸಿ, ರಸ್ತೆಪಾಲು, ಕೈಪಾಲು ಎಂದು ಎರಡು ಅಂಕಿ ಕೊಡುವ ಹೊಸ ಯಂತ್ರವನ್ನು ಅವರು ಕಟ್ಟಿದರು. ಅದಕ್ಕೆ ದನಿ ಕೊಡಲಿಲ್ಲ.

ಹೊಸ ಯಂತ್ರ ಕೈಯಲ್ಲಿ ಹಿಡಿದು ಅವರು ಮೊದಲು ಹೋದದ್ದು ಸಂಚಾರ ಮಂಡಳಿಯ ಗುಜರಿಗೆ. ಅಲ್ಲಿ ತುಕ್ಕು ಹಿಡಿಯುತ್ತಿದ್ದ ಮುಕ್ತಾಳ ಬಸ್ಸಿನ ದಂಡಕ್ಕೆ ಅದನ್ನು ಒತ್ತಿ ಹಿಡಿದರು. ಎಂಬತ್ತೊಂದರಲ್ಲಿ ಕೈಪಾಲು ಎರಡು. ಮಿಕ್ಕದ್ದೆಲ್ಲ ರಸ್ತೆಯದು. ಅಂಥ ರಸ್ತೆಯಲ್ಲಿ ಅಷ್ಟು ಮೆತ್ತಗಿನ ಕೈ ಅವರ ಯಾವ ಲೆಕ್ಕಾಚಾರಕ್ಕೂ ಸಿಗುವಂಥದ್ದಲ್ಲ.

ಮಂಡಳಿಗೆ ತಪ್ಪೊಪ್ಪಿಕೊಳ್ಳದೆ ದಾರಿಯಿರಲಿಲ್ಲ. ಎರೆ ಸೀಮೆಯಿಂದ ದೂರುಗಳು ಬರುತ್ತಲೇ ಇದ್ದವು. ಅಲ್ಲಿಗೆ ಕಳಿಸಿದ ಸ್ವಯಂಚಾಲಿ ಮಳೆಯಲ್ಲಿ ಹಳ್ಳದ ದಂಡೆಗೆ ನಿಂತು "ಮುಂದೆ ಅಪಾಯವಿದೆ" ಎಂದು ಹೇಳುತ್ತ, ಜನರನ್ನು ಒಳಗಿಟ್ಟುಕೊಂಡೇ ನಿದ್ದೆ ಹೋಗುತ್ತಿತ್ತು. ಮುಕ್ತಾಳನ್ನು ವಾಪಸು ತೆಗೆದುಕೊಳ್ಳಲು ಮಂಡಳಿ ಒಪ್ಪಿತು. ಒಂದೇ ಷರತ್ತು. ಹೊಸ ನಿಯಮದ ಪ್ರಕಾರ ಚಾಲಕರು ಈಗ ಓಡಿಸುತ್ತಿರುವ ವಾಹನದಲ್ಲಿ, ಇದ್ದ ದಂಡವನ್ನು ಬದಲಿಸದೆ, ಕೈಪಾಲು ಇಪ್ಪತ್ತರ ಒಳಗಿರಬೇಕು. ಅಂಕಿ ಬರೆದು ಕಳಿಸಲು ಗಲಗಲಿಯವರನ್ನೇ ನೇಮಿಸಿದರು. ಎರಡು ಬಂದವಳಿಗೆ ಇಪ್ಪತ್ತು ಯಾವ ಲೆಕ್ಕ ಎಂದು ನಿಯಮಕ್ಕೆ ಒಪ್ಪಿಗೆ ಕೊಟ್ಟವರೂ ಅವರೇ.

ಹಾಗಾಗಿ ಒಂದು ಮಧ್ಯಾಹ್ನ ಓಟದ ಬಯಲಿನ ತಗಡಿನ ಶೆಡ್ಡಿನಲ್ಲಿ ಅವರು ಸಾಳುವದ ದಂಡಕ್ಕೆ ಯಂತ್ರ ಒತ್ತಿ ಹಿಡಿದರು. ಮುಕ್ತಾ ಪಕ್ಕದಲ್ಲಿ ನಿಂತಿದ್ದಳು. ಬಸ್ಸು ಹೋದಾಗಿನಿಂದ ಬಾರದ ಒಂದು ಆಸೆ ಅವಳ ಮುಖಕ್ಕೆ ಬಂದಿತ್ತು. ಬೆಳಿಗ್ಗೆಯಷ್ಟೇ ಎರೆ ಸೀಮೆಯ ಹೆಂಗಸರು ಫೋನು ಮಾಡಿ, "ಯಾವಾಗಿಂದ ಬರ್ತಿ ಅಕ್ಕಾ?" ಎಂದು ಕೇಳಿದ್ದರು.

ಗಲಗಲಿಯವರು ಅಂಕಿ ನೋಡಿದರು. ಯಂತ್ರವನ್ನು ತೆಗೆದು, ಒರೆಸಿ, ಮತ್ತೊಮ್ಮೆ ಒತ್ತಿದರು. ಮತ್ತೂ ಅದೇ ಬಂತು.

"ಎಷ್ಟ್ರಿ?" ಎಂದಳು.

"ಕೈಪಾಲು ಅರವತ್ತೆಂಟು."

ಅವಳು ಬಾಗಿ ದಂಡವನ್ನು ನೋಡಿದಳು. ಆ ದಂಡ ಹೊಸದು. ಅದರಲ್ಲಿ ಹಿಂದಿನ ಒಡೆಯರದು ಏನೂ ಇರಲಿಲ್ಲ. ಓಟದ ಪಟ್ಟಿ ನುಣ್ಣಗಿದ್ದುದರಿಂದ ರಸ್ತೆಯದೂ ಏನಿಲ್ಲ. ಇದ್ದದ್ದೆಲ್ಲ ಅವಳದೇ, ಒಂದೊಂದು ತಿರುವಿನಲ್ಲಿ, ಒಂದೊಂದು ಭಾನುವಾರ.

ಗಲಗಲಿಯವರು ಶೆಡ್ಡಿನ ಬಾಗಿಲತ್ತ ನೋಡಿ ದನಿ ತಗ್ಗಿಸಿದರು. "ತಂಗಿ, ನಾ ಇದನ್ನ ಇನ್ನೂ ಬರದಿಲ್ಲ. ನಾಳೆ ಬರೀತೀನಿ. ಇವತ್ತು ದಂಡ ಬಿಚ್ಚಿ ಸ್ವಲ್ಪ ಕಾವು ಕೊಡ್ಸು. ಹತ್ತರ ಒಳಗ ಇಳೀತದ. ನಾ ಬಾಯಿ ಬಿಡೂದಿಲ್ಲ. ನಾ ಮಾಡಿದ ಅನ್ಯಾಯಕ್ಕ ಇಷ್ಟರ ಮಾಡಲಿಕ್ಕೆ ಬಿಡು."

"ಶಾಂತಿ ಮಾಡಿಸು ಅಂತೀರಿ."

"ಹೂಂ."

"ಆಮ್ಯಾಲ ಈ ದಂಡ ತಿರುವಿನ್ಯಾಗ ಹೋಳಿಗಿ ಆಗೂದಿಲ್ಲೇನು?"

"ಆಗ್ತದ. ಈ ಗಾಡಿ ಹೊಡೀಬ್ಯಾಡ ಮತ್ತ. ಹೊಡದ್ರ ನಿನ್ನ ಜೀವಕ್ಕ ಅಪಾಯ. ಬಸ್ಸು ಸಿಕ್ಕ ಮ್ಯಾಲ ಇದು ಯಾಕ ಬೇಕು ನಿನಗ?"

ಮುಕ್ತಾ ಸಾಳುವದ ಬಾಗಿಲಿಗೆ ಒರಗಿದಳು. ಬಸ್ಸು ಬೇಕಾಗಿತ್ತು. ಆ ಮೆತ್ತಗಿನ ಕೈ ಅವಳದೇ ಆಗಿತ್ತು, ಈ ಅರವತ್ತೆಂಟೂ ಅವಳದೇ. ಇದನ್ನು ಕಾಯಿಸಿ ಅಳಿಸಿದರೆ ಅವಳಿಗೆ ಏನೂ ಆಗಿರಲೇ ಇಲ್ಲ ಎಂದಾಗುತ್ತದೆ. ಇಷ್ಟು ದಿನ ಅವಳು ಮನೆಯಲ್ಲಿ ಸುಮ್ಮನೆ ರಜೆ ಹಾಕಿ ಕುಳಿತಿದ್ದಳು ಎಂದಾಗುತ್ತದೆ. ಮಂಡಳಿ ನಾಳೆ ನಗುನಗುತ್ತ ಹಾರ ಹಾಕುತ್ತದೆ.

"ಬ್ಯಾಡ್ರಿ ಸರ್," ಎಂದಳು. "ಅರವತ್ತೆಂಟಂತ ಬರೀರಿ."

"ಬಸ್ಸು ಹೋಗ್ತದ ತಂಗಿ!"

"ಹೋಗಲಿ. ಅವತ್ತು ನಂಗ ಸಿಟ್ಟಿರಲಿಲ್ಲ. ನೀವೆಲ್ಲ ಕೂಡಿ ಐತಿ ಅಂತ ಬರದು ಕೊಟ್ರಿ. ಈಗ ಐತಿ. ನೀವ ಕೊಟ್ಟ ಸಿಟ್ಟನ್ನ ನೀವ ಬಂದು ಕಾಸಿ ತಗೀತೀನಿ ಅಂದ್ರ ಬಿಡ್ತೇನೇನು? ಬರೀರಿ. ಮಂಡಳ್ಯಾವರು ಓದಲಿ."

ಗಲಗಲಿಯವರು ಪೆನ್ನು ತೆಗೆದರು. ಅವಳು ನಿಂತು ನೋಡುತ್ತಿದ್ದಳು, ಬರೆಯದೆ ಬೇರೆ ದಾರಿಯಿರಲಿಲ್ಲ. ಬರೆದರು.

ಮುಕ್ತಾಳಿಗೆ ಸಿಟ್ಟಿದೆ ಎಂದು ಯಂತ್ರ ಹೇಳಿದ್ದು ಮೊದಲ ಸಲ ನಿಜವಾಗಿತ್ತು. ಈ ಸಲವೂ ಅವಳಿಗೆ ಬಸ್ಸು ಸಿಗಲಿಲ್ಲ.